ಭಾವನ ಬ್ರಾಕೆಟ್

ನಾನೂ ಭಾವನೂ ಬರೆಯುವುದು ಲಿಫ್ಟ್ ಓಡಿಸುವ ಪ್ರೋಗ್ರಾಮು. ಏನೇ ಹೊಸದು ಬರೆದರೂ ಮೊದಲು ನಮ್ಮ ಕಟ್ಟಡದ ಲಿಫ್ಟಿಗೇ ಹಾಕಿ ನೋಡುವುದು ಆಫೀಸಿನ ಪದ್ಧತಿ. ಇವತ್ತು ಬೆಳಿಗ್ಗೆ ಅದು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗಿದ್ದವಳು ನನ್ನ ಅಕ್ಕ. ಭಾವ ಮನೆಯಲ್ಲೇ ಮರೆತ ಕನ್ನಡಕ ಕೊಡಲು ಬಂದಿದ್ದಳು.

"ನಿನ್ನೆ ಏನು ಬದಲಾಯಿಸಿದ್ರಿ ಭಾವ?"

"ಒಂದೇ ಸಾಲು ಕಣೋ."

ಬದಲಾದ ಸಾಲು ಪರದೆಯ ಮೇಲೆ ಕೆಂಪಾಗಿ ಕಾಣಬೇಕು. ಇಲ್ಲಿ ಇಡೀ ಪ್ರೋಗ್ರಾಮೇ ಕೆಂಪಾಗಿತ್ತು. ಬ್ರಾಕೆಟ್ ಚಿಹ್ನೆ ಎಲ್ಲಿದ್ದರೂ ಲಿಫ್ಟ್ ಒಂದೇ ಥರ ಓಡುತ್ತದೆ; ಆದರೂ ಅದು ಸಾಲಿನ ಕೊನೆಯಲ್ಲೇ ಇರಲಿ ಎಂದು ನಾನು, ಕೆಳಗೆ ಅದಕ್ಕೇ ಬೇರೆ ಸಾಲು ಬೇಕು ಎಂದು ಅವರು, ವರ್ಷದಿಂದ ಕಿತ್ತಾಡುತ್ತಿದ್ದೇವೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಆ ಒಂದು ಸಾಲಿನ ಜೊತೆ ಬ್ರಾಕೆಟ್‌ಗಳನ್ನೆಲ್ಲ ಇಳಿಸಿ, ಸಾಲುಗಳನ್ನೆಲ್ಲ ಜರುಗಿಸಿಟ್ಟಿದ್ದರು. ಹಳೆಯದನ್ನೇ ಹಾಕೋಣವೆಂದರೆ ಅದು ಹೊಸ ಮೋಟರಿಗೆ ಹೊಂದುವುದಿಲ್ಲ.

"ಇಲ್ಲಿ ಉಸಿರು ಕಟ್ತಿದೆ," ಎಂದಳು ಅಕ್ಕ, ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ.

ಕನ್ನಡಕವಿಲ್ಲದ ಭಾವ ಪರದೆಗೆ ಮೂಗು ತಾಗಿಸಿ ಕೂತರು. ನಾನು ಬೈಗುಳ ನುಂಗಿಕೊಂಡು ಒಂದೊಂದೇ ಸಾಲು ಓದಿದೆ. ಮಹಡಿ ತಲುಪಿದ ಮೇಲೆ ನಿಲ್ಲು ಎನ್ನಬೇಕಾದ ಕಡೆ, ತಲುಪುವ ಮೊದಲೇ ನಿಲ್ಲು ಎಂದಿತ್ತು.

"ಸಿಕ್ತು," ಎಂದು ತಿದ್ದಿದೆ. ಇನ್ನು ಲಿಫ್ಟಿಗೆ ಹಾಕುವುದಷ್ಟೇ ಬಾಕಿ. ತಿದ್ದಿದ ಕೈ ಹಾಗೆಯೇ ಅದರ ಬ್ರಾಕೆಟನ್ನೂ ಮೇಲಕ್ಕೆಳೆಯಿತು.

ಭಾವ ನನ್ನ ಮಣಿಕಟ್ಟು ಹಿಡಿದರು. "ಅದು ಅಲ್ಲೇ ಇರ್ಲಿ."

"ಕೈ ಬಿಡಿ ಭಾವ."

"ಮೊದ್ಲು ನೀನು ಬಿಡು."

"ಸಿಕ್ತು ಅಂದ್ಯಲ್ಲೋ," ಫೋನಿನಲ್ಲಿ ಅಕ್ಕ ಕೂಗಿದಳು. "ಮತ್ಯಾಕೆ ಇನ್ನೂ ಬಾಗಿಲು ತೆಗೀತಿಲ್ಲ?"