ಗಂಡನ ಪರವಾಗಿ ಹೇಳಿದ ಉತ್ತರ

ಗಂಡನ ಉಗುರಿನೊಳಗಿನ ಕಪ್ಪನ್ನು ಅವಳು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಉಜ್ಜುತ್ತಿದ್ದಳು. ಜೀವಮಾನವಿಡೀ ಹೊಲಿಗೆ ಮಷೀನು ರಿಪೇರಿ ಮಾಡಿದ ಕೈ. ಆ ಎಣ್ಣೆಯ ಕಲೆ ಯಾವ ಸೋಪಿಗೂ ಬಗ್ಗಿದ್ದಲ್ಲ.

“ಬಿಡಮ್ಮಾ, ಇದ್ದ ಹಾಗೇ ಹೋಗ್ಲಿ ಅವನು,” ಎಂದರು ಅತ್ತೆ.

ಶವದ ಗಾಡಿ ಇನ್ನೂ ಬಂದಿರಲಿಲ್ಲ. ಬಂದವರೆಲ್ಲ ಶ್ವಾಸಕೋಶದ ಕ್ಯಾನ್ಸರಿಗೆ ಹಿಡಿಶಾಪ ಹಾಕಿದರು, ಅವಳನ್ನು ಹೊಗಳಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು, ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದರು. ಒಂದೊಂದು ಮಾತೂ ಗಾಯದ ಮೇಲೆ ಬರೆ ಎಳೆದಂತಿತ್ತು. ಗಂಡ ಮಾತಿನಲ್ಲಿ ಮಹಾ ಜಿಪುಣ. ನನ್ನ ಬಾಯನ್ನು ಇವಳಿಗೆ ಬಾಡಿಗೆಗೆ ಕೊಟ್ಟಿದ್ದೇನೆ ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ. ಚೌಕಾಸಿ ಮಾಡುವುದು, ಜಗಳಕ್ಕೆ ನಿಲ್ಲುವುದು, ಆಸ್ಪತ್ರೆಯಲ್ಲಿ ಉತ್ತರ ಕೊಡುವುದು, ಎಲ್ಲವೂ ಅವಳದೇ.

*

ಡ್ರಿಪ್ ಹಾಕುವ ಮುನ್ನ ನರ್ಸ್ ಪ್ರತಿಸಲವೂ ಕೇಳುತ್ತಿದ್ದಳು: ಮೈ ತುರಿಕೆ? ಭೇದಿ? ಕೆಮ್ಮು, ಉಬ್ಬಸ? ಈ ಔಷಧ ಮೈಯ ಸ್ವಂತ ಕಾವಲುಪಡೆಯನ್ನೇ ಎಬ್ಬಿಸಿ ಗಡ್ಡೆಯ ಮೇಲೆ ಬಿಡುತ್ತದೆ, ಎದ್ದ ಪಡೆ ಒಮ್ಮೊಮ್ಮೆ ಒಳ್ಳೆಯ ಅಂಗದ ಮೇಲೂ ಬೀಳುತ್ತದೆ, ಸಣ್ಣ ಕೆಮ್ಮಾದರೂ ಹೇಳಿ, ಡ್ರಿಪ್ ನಿಲ್ಲಿಸಿ ಅದಕ್ಕೆ ಮಾತ್ರೆ ಕೊಡುತ್ತೇವೆ ಎಂದು ಬಿಡಿಸಿ ಹೇಳಿದ್ದಳು. ಹೆಂಡತಿಯ ಕಿವಿಗೆ ನಾಟಿದ್ದು ನಿಲ್ಲಿಸುತ್ತಾರೆ ಎಂಬುದೊಂದೇ. ಗಡ್ಡೆ ಅರ್ಧಕ್ಕಿಳಿದಿದೆ ಎಂದು ಸ್ಕ್ಯಾನ್‌ನಲ್ಲಿ ಬಂದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದರೆ?

ಆ ದಿನ ಎಂದೂ ಇಲ್ಲದ್ದು, ಗಂಡನೇ ಬಾಯಿ ತೆರೆದ.

“ಮೊನ್ನೆಯಿಂದ ಸ್ವಲ್ಪ…”

“ಏನಿಲ್ಲ ಸಿಸ್ಟರ್. ಕೆಮ್ಮು ಗಿಮ್ಮು ಏನೂ ಇಲ್ಲ,” ಎಂದಳು ಅವಳು.

ಅವನು ಅವಳನ್ನೊಮ್ಮೆ ನೋಡಿ, ಡ್ರಿಪ್ಪಿಗೆ ತೋಳು ಚಾಚಿದ.

ಮುಂದಿನ ವಾರ ಮೂರು ಮೆಟ್ಟಿಲು ಹತ್ತಲಾಗದೆ ಕುಸಿದು ಕೂತ. ಇದು ಗಡ್ಡೆಯ ಕೆಲಸವಲ್ಲ, ಔಷಧದಿಂದ ಶ್ವಾಸಕೋಶವೇ ಊದಿಕೊಂಡಿದೆ, ಬೇಗ ಗೊತ್ತಾಗಿದ್ದರೆ ಹಿಡಿಯಬಹುದಿತ್ತು, ಮೊದಲೇ ಕೆಮ್ಮು ಇತ್ತೇ ಎಂದು ಡಾಕ್ಟರು ಕೇಳಿದರು. ಅವಳು ಅಲ್ಲಿಯೂ ಇಲ್ಲ ಎಂದಳು.

*

ಅಂತಿಮ ದರ್ಶನಕ್ಕೆ ಲಾರಿ ಡ್ರೈವರೊಬ್ಬ ಬಂದ. ಆಸ್ಪತ್ರೆಯಲ್ಲಿ ಗಂಡನ ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದವನು. ಅವಳೆದುರು ಕೂತು ಏನೋ ಹೇಳಹೊರಟವನು ಟವೆಲಿಗೆ ಕೆಮ್ಮಿದ. ಒಣ ಕೆಮ್ಮು.

ಎಂದಿನಿಂದ ಎಂದು ಕೇಳಿದಳು. ಅವನು ದನಿ ತಗ್ಗಿಸಿದ.

“ನಾಲ್ಕೈದು ದಿನ ಆಯ್ತಕ್ಕಾ. ನಾಳೆ ಡ್ರಿಪ್ ಇದೆ, ಹೇಳಲ್ಲ. ಬಾಯಿ ಬಿಟ್ರೆ ಕೆಟ್ರಿ ಅಂತ ನೀವೇ ಹೇಳಿದ್ರಲ್ಲ.”

ಹೌದು, ಹೇಳಿದ್ದಳು. ದೊಡ್ಡ ಉಪಕಾರ ಮಾಡುವವಳಂತೆ ಹೇಳಿದ್ದಳು. ಅತ್ತೆ ಪಕ್ಕದಲ್ಲೇ ಕೂತು ಅವಳ ಬೆನ್ನು ಸವರುತ್ತಿದ್ದರು. ಅವರಿಗೆ ಕೇಳದಂತೆ, ಇವತ್ತೇ ಹೋಗಿ ಹೇಳಿಬಿಡಿ ಅಣ್ಣಾ ಎಂದು ಪಿಸುಗುಟ್ಟಿದಳು. ಅವನು ಒಲ್ಲೆನೆಂದು ತಲೆಯಾಡಿಸಿದ. ಡ್ರಿಪ್ ತಪ್ಪಿದರೆ ನಾನೂ ಇವರ ಹಾಗೆ ಕ್ಯಾನ್ಸರಿಗೆ ತುತ್ತಾಗುತ್ತೇನೆ ಎಂದ.

ಅವಳಿಗೆ ಬೇರೆ ದಾರಿ ಉಳಿಯಲಿಲ್ಲ.

“ಇವರು ಕ್ಯಾನ್ಸರಿಂದ ಹೋಗ್ಲಿಲ್ಲ,” ಎಂದಳು. ದನಿ ಇಡೀ ಕೋಣೆಗೆ ಕೇಳಿಸಿತು. “ಇದೇ ಕೆಮ್ಮು ಇತ್ತು. ಹೇಳೋಕೆ ಹೊರಟಿದ್ರು, ನಾನು ಬಿಡ್ಲಿಲ್ಲ. ಡಾಕ್ಟರ್ ಕೇಳಿದಾಗ್ಲೂ ಸುಳ್ಳು ಹೇಳಿದೆ. ಏಳಿ ಅಣ್ಣಾ, ಈಗ್ಲೇ ಆಸ್ಪತ್ರೆಗೆ ಹೋಗಿ.”

ಡ್ರೈವರ್ ಎದ್ದು ಬಾಗಿಲಲ್ಲಿ ಚಪ್ಪಲಿಗಾಗಿ ತಡಕಾಡಿದ. ಅವಳ ಬೆನ್ನ ಮೇಲಿನ ಕೈ ನಿಂತಿತು. ಅತ್ತೆ ಅದನ್ನು ಮೆಲ್ಲಗೆ ತೆಗೆದು, ಮಗನ ಎದೆಯ ಮೇಲೆ ಅಂಗೈ ಊರಿದರು. ಉಸಿರಿದೆಯೇ ಎಂದು ನೋಡುವವರ ಹಾಗೆ.