ಕಂಡಕ್ಟರಮ್ಮ ರೈಟ್ ಅಂದಾಗ

ಬಸ್ಸು ತಿರುಗಿಸುವ ಕಡೆಯ ನಿಲ್ದಾಣದಾಚೆ ಒಂದು ಗುಡ್ಡವಿತ್ತು. ಕಂಡಕ್ಟರಮ್ಮನೂ ಡ್ರೈವರೂ ವರ್ಷಗಟ್ಟಲೆ ಅದರ ಬುಡದವರೆಗೆ ಬಂದು, ಟೀ ಕುಡಿದು, ಹಿಂದಿರುಗಿದವರು. ನೆತ್ತಿಯಿಂದ ಏನು ಕಾಣುತ್ತದೋ ಇಬ್ಬರಿಗೂ ಗೊತ್ತಿರಲಿಲ್ಲ. ಚಳಿಗಾಲದ ಒಂದು ರಜೆಯ ದಿನ, ನೋಡಿಯೇ ಬಿಡೋಣ ಎಂದು ಹೊರಟರು. ತಮ್ಮದೇ ಬಸ್ಸಿಗೆ ತಾವೇ ಟಿಕೆಟ್ ಕೊಂಡು ಬಂದಿಳಿದಾಗ ಬದಲಿ ಕಂಡಕ್ಟರ್ ಹಲ್ಲು ಕಿರಿದ. ಕಿರಿಯಲಿ ಬಿಡಿ, ಅವನ ಗಂಟೇನು ಹೋಗುತ್ತದೆ!

ಕಂಡಕ್ಟರಮ್ಮನಿಗೆ ಅಂದು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾಳೆಯಿಂದ ಡ್ರೈವರಿಗೆ ಪಕ್ಕದ ಊರಿನ ಡಿಪೋಗೆ ವರ್ಗ. ಹೆಂಡತಿ ತೀರಿಕೊಂಡ ಮೇಲೆ ಮಾತನ್ನೇ ಮರೆತಂತಿದ್ದ ಈ ಮನುಷ್ಯ ಮದುವೆಯ ಮಾತೆತ್ತುವುದಿದ್ದರೆ ಇವತ್ತೇ ಎತ್ತಬೇಕು. ಅವಳಿಗಂತೂ ಅವನೆಂದರೆ ಪ್ರಾಣ. ಗುಡ್ಡ ಬರೀ ನೆಪ. ಬೆಳಿಗ್ಗೆ ಅತ್ತಿಗೆ ಅವಳ ಸ್ವೆಟರಿನ ಗುಂಡಿ ಹಾಕುತ್ತಾ, "ಅವರು ಬಾಯಿ ಬಿಡದಿದ್ರೆ ನೀನೇ ಕೇಳ್ಬಿಡೇ. ನಾಚ್ಕೊಂಡು ಕೂತ್ರೆ ಬಸ್ಸು ಹೊರಟ್ಹೋಗುತ್ತೆ" ಎಂದಿದ್ದಳು.

ಹೊರಟಾಗ ಚಾಚಿದ ಕೈ ಕಾಣದಷ್ಟು ಮಂಜು. ಹೊಲದ ಬದು ದಾಟುವಷ್ಟರಲ್ಲಿ ಚುರುಕು ಬಿಸಿಲು. ಡ್ರೈವರ್ ಮಫ್ಲರ್ ಬಿಚ್ಚಿದ. ಗಾಳಿ ಬೀಸಿತು, ಸುತ್ತಿಕೊಂಡ. ಮತ್ತೆ ಬಿಸಿಲು ಬಂತು, ಮತ್ತೆ ಬಿಚ್ಚಿದ. ತಲೆ ಕೆಟ್ಟ ಆಕಾಶ! ಇಬ್ಬನಿಯಲ್ಲಿ ತೊಯ್ದ ಹುಲ್ಲು ಮಿರಮಿರ ಮಿನುಗುತ್ತಿತ್ತು, ಅವಳ ಸೀರೆ ಮೊಣಕಾಲಿನವರೆಗೆ ನೆನೆದಿತ್ತು, ಆದರೂ ಕುಣಿಯುವಷ್ಟು ಖುಷಿ.

"ಏರು ಜಾಸ್ತಿ" ಎಂದ ಡ್ರೈವರ್, ಬಹಳ ಹೊತ್ತಿನ ಮೇಲೆ. "ಇಲ್ಲಿ ಸೆಕೆಂಡ್ ಗೇರೇ ಬೇಕು."

"ಅಬ್ಬಾ, ಇಷ್ಟೊಂದು ಮಾತಾಡ್ಬೇಡಿ, ಗಂಟಲು ನೋವು ಬರುತ್ತೆ" ಎಂದಳು. ಅವನು ಕಿವಿಯವರೆಗೂ ಕೆಂಪಾದ.

ಅಷ್ಟರಲ್ಲಿ ಆಕಾಶ ಕಪ್ಪಿಟ್ಟಿತು. ಪಟಪಟನೆ ಆಲಿಕಲ್ಲು! ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿ, ಕುರಿ ಕಾಯುವವರು ಕಟ್ಟಿದ್ದ ಒಂದು ತಗಡಿನ ಚಾವಣಿಯಡಿ ನುಗ್ಗಿದರು. ತಗಡಿನ ಸದ್ದಿಗೆ ಕಿವಿ ಕಿತ್ತುಹೋಗುವಂತಿತ್ತು. ಆ ಸದ್ದೇ ಡ್ರೈವರಿಗೆ ಧೈರ್ಯ ಕೊಟ್ಟಿತೋ ಏನೋ.

"ನಾನು ನಿಮ್ಮನ್ನ ಮದ್ವೆ ಆಗ್ಬೇಕು ಅಂತಿದ್ದೀನಿ!" ಎಂದು ಕಿರುಚಿದ. "ನೀವೇನಂತೀರಾ?"

ಎಷ್ಟು ದಿನದಿಂದ ಅವಳು ಕೂಡಿಟ್ಟುಕೊಂಡಿದ್ದ ಮಾತುಗಳು, ಒಂದಾದರೂ ನಾಲಿಗೆಗೆ ಬರಬೇಡವೇ? ದಿನವಿಡೀ ಕೂಗಿ ಕೂಗಿ ಪಳಗಿದ ಬಾಯಿ ತಾನಾಗಿ ತೆರೆಯಿತು.

"ರೈಟ್!"

ಬಸ್ಸಿನಲ್ಲಿ ರೈಟ್ ಎಂದರೆ ಎಲ್ಲ ಸರಿಯಿದೆ, ಇನ್ನು ಹೊರಡು ಎಂದರ್ಥ. ಅವಳು ಹೇಳಿದ್ದು ಮೊದಲರ್ಧ, ಅವನ ಕಿವಿಗೆ ಬಿದ್ದದ್ದು ಉಳಿದರ್ಧ. ಡ್ರೈವರ್ ಒಮ್ಮೆ ತಲೆಯಾಡಿಸಿದ. ಮಫ್ಲರನ್ನು ತಲೆಗೆ ಸುತ್ತಿಕೊಂಡು ಆಲಿಕಲ್ಲಿನಲ್ಲೇ ಹೊರಬಿದ್ದು, ಬಂದ ದಾರಿ ಹಿಡಿದು ಇಳಿಯತೊಡಗಿದ.

ನಾಚಿಕೆಗೆ ಹೊರಗೆ ಹೋದರು, ಈಗ ಬರುತ್ತಾರೆ ಎಂದು ಅವಳು ನಗುತ್ತಾ ನಿಂತಳು. ಆಲಿಕಲ್ಲು ನಿಂತಿತು. ಕಣಿವೆಯಿಂದ ಮಂಜು ಮೇಲೆದ್ದು ಅವನ ಬೆನ್ನನ್ನು ನುಂಗಿತು. ಆಗ ಹೊಳೆಯಿತು ನೋಡಿ ನಮ್ಮ ಕಂಡಕ್ಟರಮ್ಮನಿಗೆ, ತಾನು ರೈಟ್ ಅಂದುಬಿಟ್ಟಿದ್ದೇನೆ ಎಂದು.

"ಡ್ರೈವರ್ರೇ! ರೀ! ಹಾಗಲ್ಲಾರೀ!"

ಗಾಳಿ ಆ ಮಾತನ್ನು ಎತ್ತಲೋ ಹೊತ್ತೊಯ್ದಿತು. ಸೆರಗು ಸಿಕ್ಕಿಸಿ ಓಡಿದಳು. ಒಂದು ಚಪ್ಪಲಿ ಕೆಸರಿನಲ್ಲಿ ಉಳಿಯಿತು, ಇನ್ನೊಂದನ್ನು ತಾನೇ ಎಸೆದಳು. ಓಡಿ ಹಿಡಿಯುವ ಮಾತಲ್ಲ ಎನ್ನಿಸಿದಾಗ, ಬಸ್ಸು ನಿಲ್ಲಿಸುವ ಕೂಗನ್ನೇ ಹೊಟ್ಟೆಯಾಳದಿಂದ ಕೂಗಿದಳು.

"ಹೋಲ್ಡಾನ್!"

ಕೆಳಗೆ ಮಂಜಿನಲ್ಲಿ ಧೊಪ್ಪೆಂದು ಸದ್ದಾಯಿತು. ಬ್ರೇಕ್ ತುಳಿಯುವ ಬಲಗಾಲನ್ನು ಅವನು ನೆಲಕ್ಕೆ ಅಪ್ಪಳಿಸಿ ಜಾರಿ ಕೂತಿದ್ದ. ಅವಳು ಏದುಸಿರು ಬಿಡುತ್ತಾ ಎದುರಿಗೆ ಹೋಗಿ ನಿಂತಳು.

"ಒಪ್ಪಿಗೆ ಅಂದ್ನಲ್ಲಾರೀ, ಹೊರಡಿ ಅಂದ್ನಾ?"

"ಬೇಡ ಅನ್ನೋದನ್ನೇ ಮರ್ಯಾದೆಯಾಗಿ ಹೇಳಿದ್ರಿ ಅಂದ್ಕೊಂಡೆ."

"ಅದಕ್ಕೆ? ಒಂದ್ಸಲ ತಿರುಗಿ ನೋಡ್ಬಾರದಾ?"

"ನೀವು ರೈಟ್ ಅಂದ್ಮೇಲೆ" ಎಂದ ಅವನು, ಕೆಸರಿನಲ್ಲಿ ಕೂತೇ, "ನಾನು ಯಾವತ್ತಾದ್ರೂ ತಿರುಗಿ ನೋಡಿದ್ದೀನಾ?"

ನಿಜ. ಒಂದು ದಿನವೂ ನೋಡಿರಲಿಲ್ಲ. ಅಷ್ಟು ಜನರನ್ನು ಕೂರಿಸಿಕೊಂಡು, ಅವಳ ಒಂದು ಮಾತನ್ನು ನಂಬಿ ಹೊರಟುಬಿಡುತ್ತಿದ್ದ. ಅವಳ ಸಿಟ್ಟೆಲ್ಲ ಇಳಿದುಹೋಯಿತು. ನಗುವೂ ಅಳುವೂ ಒಟ್ಟಿಗೇ ಬಂದು, ಕೈ ಕೊಟ್ಟು ಅವನನ್ನು ಎಬ್ಬಿಸಿದಳು. ಆ ಕೈಯನ್ನು ಅವನು ಬಿಡಲಿಲ್ಲ.

"ಆದ್ರೂ ನಾಳೆಯಿಂದ ನಾನು ಬೇರೆ ಡಿಪೋ" ಎಂದ, ತಪ್ಪು ಮಾಡಿದವನ ಹಾಗೆ.

"ಹೋಗ್ಬನ್ನಿ. ಯಾವ ಡಿಪೋ ಆದ್ರೇನು, ಡ್ಯೂಟಿ ಮುಗಿಸಿ ಮನೆಗೆ ತಾನೇ ಬರೋದು?"

ಅವನಿಗೆ ಅರ್ಥವಾಗಲಿಲ್ಲ. "ಯಾರ ಮನೆಗೆ?"

"ನಮ್ಮನೆಗೆ ಕಣ್ರೀ" ಎಂದಳು, "ಇನ್ಯಾರ ಮನೆಗೆ!"