ಬೆನ್ನ ಮ್ಯಾಲೆ ವಿಭೂತಿ

ಗುಳುಗುಳು ಸಪ್ಪಳ ನಿಂತತಲ್ಲ, ಯಾಕ ನಿಂತತು, ಪಂಪ್ ಬಂದ್ ಮಾಡಿರಬೇಕು, ಹೌದು, ಹುಬ್ಬಳ್ಳಿ ಸಾಕುಮೀನಿನ ಅಂಗಡಿ ಅಮರೇಶ ಬಂದಾನ, ಅವನಽ ಬಂದ್ ಮಾಡ್ಯಾನ, ಓಂ ನಮಃ ಶಿವಾಯ, ಈರವ್ವ ಎಡಗೈ ಅಂಗೈಯಾಗ ಲಿಂಗ ಇಟಗೊಂಡು ದೇವರ ಕೋಲ್ಯಾಗ ಕುಂತಿದ್ಲು, ಕಣ್ಣು ಲಿಂಗದ ಮ್ಯಾಲೆ, ಕಿವಿ ಪಡಸಾಲ್ಯಾಗ, ಜೀವ ಎಲ್ಲಾ ಆ ಗಾಜಿನ ತೊಟ್ಟ್ಯಾಗ — ಶಿವನಽ, ನಿನ್ನ ಮುಂದ ಕುಂತು ಸೀಗಡಿ ಧ್ಯಾನ ಮಾಡಾಕತ್ತೇನಿ, ಸಿಟ್ಟಾಗಬ್ಯಾಡೋ ಮಾರಾಯಾ, ಒಂದಽ ಉಳದೈತಿ, ಐದಿದ್ದವು, ಒಂದು ಉಳದೈತಿ, ಅದೂ ಬಸರಿ, ಹೊಟ್ಟಿ ಕೆಳಗ ಹಸರ ತತ್ತಿ ಹೊತಗೊಂಡು ಕಲ್ಲಿನ ಸಂದ್ಯಾಗ ಕುಂತೈತಿ, ನಿನ್ನೆ ಸಂಜೀಮುಂದ ಕೂಳು ಹಾಕಿದ್ರೂ ಹೊರಗ ಬರಲಿಲ್ಲ, ಬೆಳ್ಳನ ಮೀಸಿ ಅಷ್ಟಽ ಹೊರಗ ಚಾಚಿ ಅಲ್ಲಾಡಿಸ್ತಿತ್ತು, ಇದೂ ಹೋತಂದ್ರ ಎಲ್ಲಾ ಅಮರೇಶಗ ಕೊಟ್ಟಬಿಡ್ತೇನ್ರಿ ಅತ್ತಿ, ತೊಟ್ಟಿ, ಕಲ್ಲು, ಲೈಟು ಎಲ್ಲಾ, ನನ್ನ ಕಡಿಂದ ಇನ್ನ ಆಗೂದಿಲ್ಲ, ಅಂದ್ಲು ನಿನ್ನೆ ರಾತ್ರಿ ವಾಣಿಶ್ರೀ, ಸೊಸಿ, ಅಂದಾಕಿ ಅಡಗಿಮನಿಗೆ ಹೋಗಿ ನಳ ಬಿಟಗೊಂಡು ನಿಂತ್ಲು, ತೊಳ್ಯಾಕ ಭಾಂಡಿ ಒಂದೂ ಇರಲಿಲ್ಲ, ಸುಮ್ನ ನಳ ಬಿಟಗೊಂಡು, ಅಳೂದು ಅತ್ತಿಗೆ ಕೇಳಬಾರದಂತ. ಅತ್ತಿಗೆ ಕೇಳಿಸ್ತು. ತೊಟ್ಟಿ ಹೋತಂದ್ರ ಸಂಜೀಮುಂದ ಇಬ್ರೂ ಎಲ್ಲಿ ಕುಂದರಬೇಕು, ಏನ್ ಮಾತಾಡಬೇಕು, ಮತ್ತ ಮೊದಲಿನಂಗ ಊಟಾತೇನ್ರಿ, ಆತವಾ, ಮಲಕೋತೀರೇನ್ರಿ, ಹೂನವಾ, ಅಷ್ಟಽ. ಆ ದಿನಾ ಮತ್ತ ಬ್ಯಾಡ ಶಿವನಽ.

ತಡಾ ಆಗಿ ಆದ ಮದವಿ ಅದು, ಮಗ ಶಂಭುಲಿಂಗನ ತಲ್ಯಾಗ ಬಿಳಿಗೂದಲ ಇಣಕಾಕತ್ತಿದ್ದು, ಅಕಿನೂ ಸಾಲಿ ಟೀಚರ್ ಆಗಿ ಭಾಳ ವರ್ಷಾಗಿತ್ತು, ಎಲ್ಲಾರ ಸೊಸೇರು ತವರಿಂದ ಬಂಗಾರ ತರತಾರ, ನಮ್ಮಾಕಿ ಉಪ್ಪನೀರು ತಂದ್ಲು, ಇಡೀ ಮಾಳಮಡ್ಡಿ ನಕ್ಕಿತು, ಟೆಂಪೋ ತುಂಬ ಒಂದು ಗಾಜಿನ ತೊಟ್ಟಿ, ಕ್ಯಾನಿನ ಮ್ಯಾಲೆ ಕ್ಯಾನು, ಏನವಾ ಇದು ಅಂದ್ರ ಕಾರವಾರದ ಸಮುದ್ರದ ನೀರ್ರಿ ಅತ್ತಿ ಅಂದ್ಲು, ಅವರಪ್ಪ ಕಾರವಾರ ಬಂದರದಾಗ ಕಾರಕೂನ ಇದ್ದಾಂವ, ಸಮುದ್ರ ನೋಡಕೋತ ಬೆಳದಾಕಿ, ಈ ಮಣ್ಣಿನ ಊರಾಗ ಹೆಂಗ ಜೀವ ಹಿಡದಾಳು ಪಾಪ — ಪಾಪ ಅಂತ ಈಗ ಅನಸ್ತೈತಿ, ಆವಾಗ ಬರೇ ಸಿಟ್ಟು, ಮೀನಿರಲಿ, ಮೀನು ನೋಡಾಕರ ಛಂದ, ಸೀಗಡಿ ಏನದು, ಹುಳಾ ಇದ್ದಂಗ, ಎದರಮನಿ ನಾಗರತ್ನಾ ಅಂತೂ ಬಾಗಲಾಗ ನಿಂತು ಕೇಳೇ ಬಿಟ್ಲು, ಏನ್ ಈರವ್ವಾ, ಲಿಂಗವಂತರ ಮನ್ಯಾಗ ಸೀಗಡಿ ಸಾಕೀರಿ, ಸಾರಿಗೋ ಪೂಜಾಕ್ಕೋ? ಮಾರಿ ಎಲ್ಲಿ ಇಟಗೋಬೇಕು. ತೊಟ್ಟಿ ಕಡೆ ತಿರಗಿ ನೋಡಿರಲಿಲ್ಲ ಈರವ್ವ, ಗ್ವಾಡಿ ಹಿಡದು ಅಡ್ಡ್ಯಾಡತಿದ್ಲು, ಒಂದಿನ ಮಧ್ಯಾಹ್ನ ಮನ್ಯಾಗ ಯಾರೂ ಇಲ್ಲ, ಲೈಟು ಹತ್ತಿತ್ತು, ಒಂದು ಹೊರಗ ಬಂದು ಗಾಜಿಗೆ ಹತ್ತಿ ನಿಂತಿತ್ತು, ಕೆಂಪನ ಮೈ, ತಲೀಯಿಂದ ಬಾಲದ ತನಕ ಬೆನ್ನ ಮ್ಯಾಲೆ ಬೆಳ್ಳನ ಗೆರಿ, ಕೈಬಟ್ಟಿಲೆ ವಿಭೂತಿ ಎಳದಂಗ ನೆಟ್ಟಗ. ಅಯ್ಯ ಶಿವನಽ, ಇವು ನಮ್ಮವಽ ಅದಾವಲ್ಲ! ಮರುದಿನ ನಾಗರತ್ನಾಗ ತಾನಽ ಕರದು ಹೇಳಿದ್ಲು, ನೋಡವಾ, ನಿನಗ ವಿಭೂತಿ ಹಚ್ಚಿಕೋ ಅಂತ ನಿಮ್ಮತ್ತಿ ದಿನಾ ನೆನಪ ಮಾಡಬೇಕು, ಇವು ಹುಟ್ಟತಾನಽ ಹಚಗೊಂಡು ಬಂದಾವು. ಆಮ್ಯಾಲೆ ವಾಣಿ ಕಲಿಸಿದ್ದು, ನೀರಾಗ ಬಟ್ಟ ಇಡ್ರಿ ಅತ್ತಿ, ಕಡಿಯಂಗಿಲ್ಲ, ಇಟ್ರ ಮೀಸಿ ಚಾಚಿ ಮುಟ್ಟಿ ನೋಡಿ ಹತ್ತೇ ಬಿಡ್ತು ಬಟ್ಟಿನ ಮ್ಯಾಲೆ, ಸಣ್ಣ ಸಣ್ಣ ಕೈಲೆ ಉಗುರಿನ ಸಂದಿ ಕೆದರಿ ಕೆದರಿ ಹಸನ ಮಾಡಾಕತ್ತು, ಕಚಗುಳಿ, ಅಯ್ಯಯ್ಯೋ ಅಂತ ಚೀರಿದ್ಲು ಈರವ್ವ, ವಾಣಿ ನಕ್ಕಳು, ಈರವ್ವನೂ ನಕ್ಕಳು, ಸಮುದ್ರದಾಗ ದೊಡ್ಡ ದೊಡ್ಡ ಮೀನಿನ ಹಲ್ಲು ಇವಽ ತಿಕ್ಕತಾವ್ರಿ, ಅದಽ ಇವುಕ ಕೆಲಸ. ಹಂಗಾರ ಕಾಯಕದ ಮಂದಿ ಅನ್ನು. ಅತ್ತಿ ಸೊಸಿ ಕೂಡಿ ನಕ್ಕಿದ್ದು ಅದಽ ಮೊದಲು. ಮತ್ತ ಆ ಅಂಗಿ ಸುದ್ದಿ, ಸಾಲಿಗೆ ಫೋನ್ ಮಾಡಿ ಗಳಗಳ ಅತ್ತಿದ್ಲು ಈರವ್ವ, ವಾಣಿ, ಒಂದು ಸತ್ತಬಿದ್ದೈತೆವಾ, ವಾಣಿ ಓಡಿ ಬಂದು ನೋಡಿ ನಗಾಕ ಹತ್ತಿದ್ಲು, ಸತ್ತಿಲ್ರಿ ಅತ್ತಿ, ಮೈ ಬೆಳದೈತಿ, ಹಳೇ ಅಂಗಿ ಬಿಚ್ಚಿ ಒಗದೈತಿ, ನೋಡ್ರಿ ಒಳಗ ಏನೂ ಇಲ್ಲ, ಮೀಸಿ ಸುದ್ದಾ ಬಿಚ್ಚಿಟ್ಟೈತಿ. ಅವತ್ತಿಂದ ದಿನಾ ಸಂಜೀಮುಂದ ಚಾ ಕುಡದು ಇಬ್ರೂ ಅದರ ಮುಂದಽ ಕುಂದರೋರು, ಕಾರವಾರದ ಸುದ್ದಿ, ಈರವ್ವನ ತವರು ಗರಗದ ಸುದ್ದಿ, ಅವರವ್ವಂದು, ತಮ್ಮವ್ವಂದು, ಶಂಭು ಬಂದು ಹಸಿವ್ಯಾಗೇತಿ ಅನ್ನೂತನಾ ಮಾತು.

ಆಮ್ಯಾಲೆ ಸಾಯಾಕ ಹತ್ತಿದ್ವು. ಮೊದಲನೇದು ಕಂಡಾಗ ಅಂಗಿ ಇರಬೇಕು ನೋಡವಾ ಅಂದ್ಲು ಈರವ್ವ, ಧೈರ್ಯಲೇನಽ ಅಂದ್ಲು, ವಾಣಿ ಕೈಯಾಗ ತಗೊಂಡು ನೋಡಿ ತಲಿ ಅಲ್ಲಾಡಿಸಿದ್ಲು, ತೂಕ ಐತ್ರಿ. ಎರಡನೇದಕ್ಕೂ ಅಂಗಿ ಇರಬೇಕು ಅಂದ್ಲು, ಮೂರನೇದು ನಾಕನೇದು ತಾನಽ ಎತ್ತಿ ತೂಕ ನೋಡಿದ್ಲು. ಏನೇನು ನೋಡಲಿಲ್ಲ ವಾಣಿ, ಉಪ್ಪು ಹೆಚ್ಚಾತೇನು, ಸೆಕಿ ಹೆಚ್ಚಾತೇನು, ತೊಟ್ಟಿಗೂ ಒಂದು ಸಣ್ಣ ಫ್ಯಾನು, ಹೊಸಾ ಕಲ್ಲು ತಗದು ಹೊರಗಿಟ್ಲು, ಸೊಳ್ಳಿ ಬತ್ತಿ ಬಂದ್, ಶಂಭು ಮೈಗೆ ಹೊಡಕೊಳ್ಳೋ ಸೆಂಟು ಬಂದ್, ಮಂಗಳವಾರಽ ಯಾಕ ಸಾಯತಾವ್ರಿ ಅತ್ತಿ, ಸೋಮವಾರ ಏನ್ ಹಾಕತೇನಿ ನಾನು, ಅಂತ ತಾನಽ ತನ್ನ ಬಡಕೋತಿದ್ಲು, ಈರವ್ವ ಹುಟ್ಟಿದಾಗಿಂದ ಬಿಡದ ಊದಿನಕಡ್ಡಿ ಬಿಟ್ಲು, ಲೋಬಾನ ಬಿಟ್ಲು, ಹೊಗಿ ನೀರಿಗೆ ಇಳೀತೈತಿ ಅಂದ್ರ ದೇವರಿಗೆ ಹೊಗಿ ಯಾತಕ್ಕ, ಭಕ್ತಿ ಇದ್ರ ಸಾಕು. ನಾಗರತ್ನಾನ ಕಣ್ಣು ಬಿದ್ದೈತಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ಲು, ಉಪ್ಪನೀರಿನ ಜೀವಕ್ಕ ಉಪ್ಪು ನಿವಾಳಿಸಿದ್ರ ಏನ್ ಹತ್ತತೈತಿ! ಮತ್ತ ಆ ತಂಬಿಗಿ ನೀರು, ಅದೊಂದು ಈರವ್ವನ ಮನಸಿಗೆ ಸಮಾಧಾನ, ಪೂಜಾ ಆದಮ್ಯಾಲೆ ತಂಬಿಗ್ಯಾಗ ಉಳದ ನೀರು ಮೊದಲು ಹಿತ್ತಲದ ಪತ್ರಿಗಿಡಕ್ಕ ಹಾಕತಿದ್ಲು, ತುಳಿದಾಡೋ ಜಾಗಾದಾಗ ಚೆಲ್ಲಬಾರದದು, ವಿಭೂತಿ ಹಚಗೊಂಡ ಜೀವ ಮನ್ಯಾಗ ಇದ್ದಾಗ ಗಿಡಕ್ಕ್ಯಾಕ ಅಂತ ತೊಟ್ಟಿಗೆ ಹಾಕಾಕ ಹತ್ತಿದ್ಲು, ವಾಣಿ ಸಾಲಿಗೆ ಹೋದಮ್ಯಾಲೆ, ಅರ್ಧ ತಂಬಿಗಿ, ಮುಚ್ಚಿಡೂದೇನಲ್ಲ, ಅದು ತನಗೂ ಅವುಕ್ಕೂ ನಡುವಿನ ಮಾತು, ತೊಟ್ಟಿ ನೀರು ಆರತೈತಿ, ಸೀನೀರು ಸೇರಸ್ತಿರಬೇಕು ಅಂತ ವಾಣಿನಽ ಹೇಳಿದ್ಲಲ್ಲ. ಅವ್ವನ ತಂಬಿಗಿ ಅದು, ಗರಗದಿಂದ ತಂದಿದ್ದು, ರಾತ್ರಿ ತಾಮ್ರದಾಗ ಇಟ್ಟ ನೀರು ಅಮೃತ ಇದ್ದಂಗ ಅಂತಿದ್ಲು ಅವ್ವ, ಐತವಾರ ಸಂಜೀಕ ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕಿ ತಿಕ್ಕಿ ಬೆಳಗಿ, ರಾತ್ರಿ ನೀರು ತುಂಬಿಟ್ರ ಸೋಮವಾರ ಮುಂಜಾನೆ ಬಂಗಾರ ಇಟ್ಟಂಗ ಕಾಣಬೇಕು. ಸೀಗಡಿ ಸಾಯಾಕ ಹತ್ತಿದ ಮ್ಯಾಲೆ ಅರ್ಧ ತಂಬಿಗಿ ಸಾಲದಂತ ತುಂಬ ತಂಬಿಗಿ ಹಾಕಿದ್ಲು.

ಮೀನು ನೋಡ್ರಿ ಮೇಡಂ, ಹೆಂಗ ಆರಾಮ ಅಡ್ಡ್ಯಾಡಾಕತ್ತಾವು, ಅಮರೇಶನ ಧ್ವನಿ ಪಡಸಾಲಿಯಿಂದ, ಮೀನಿಗೇನೂ ಇಲ್ಲ, ಬರೇ ಸೀಗಡಿ ಸಾಯತಾವಂದ್ರ ನನಗ ಒಂದಽ ಸಂಶೇ ಬರತೈತಿ, ಅದಕ್ಕ ಇವತ್ತ ಈ ಔಷಧ ತಂದೇನಿ, ನಾಕ ಹನಿ ಹಾಕಿದ್ರ ಗೊತ್ತಾಗತೈತಿ. ಓಂ ನಮಃ ಶಿವಾಯ, ಗೊತ್ತಾಗಲಿ, ಲಗೂ ಗೊತ್ತಾಗಲಿ, ಇವತ್ತ ಸೋಮವಾರ, ಸಾಲಿ ಸೂಟಿ, ವಾಣಿ ಮನ್ಯಾಗ ಅದಾಳ, ಪೂಜಾ ಮುಗಿಸಿ ಅಕಿ ಮುಂದಽ ಹಾಕೂಣು ನೀರು, ಬಸರಿ ಜೀವಕ್ಕ ಒಂದು ಗುಟುಕು ಹೆಚ್ಚಽ ಇರಲಿ. ಸಣ್ಣ ಬಾಟ್ಲಿ ಅಲ್ಲಾಡಿಸಿದ ಸಪ್ಪಳ. ಬಣ್ಣ ತಿರಗಿತು ನೋಡ್ರಿ ಮೇಡಂ, ನೀರಾಗ ತಾಮ್ರ ಐತಿ. ತಾಮ್ರ? ಹೂನ್ರಿ, ಇಷ್ಟಕ್ಕ ಮೀನು ತಡಕೋತಾವು, ಸೀಗಡಿ ಜಾತಿಗೆ ತಾಮ್ರ ಅಂದ್ರ ವಿಷಾರಿ, ಚೂರ ಚೂರ ಕೂಡಿಕೋತ ಹೋಗಿ ಒಂದಿನ ಕೆಡವತೈತಿ, ಮನ್ಯಾಗ ತಾಮ್ರದ್ದೇನರ ಐತೇನ್ರಿ, ವಾಯರ್, ಪೈಪು, ಭಾಂಡಿ? ತಾಮ್ರ, ತಾಮ್ರ ಅಂದ್ರ — ತಂಬಿಗಿ ಈರವ್ವನ ಮೊಣಕಾಲ ಮುಂದಽ ಇತ್ತು, ನಿನ್ನೆ ಬೆಳಗಿದ್ದು, ಲಕಲಕ ಅನಾಕತ್ತಿತ್ತು, ತುಂಬ ನೀರು. ಐತವಾರ ಹುಳಿ ಹಚ್ಚಿ ಬೆಳಗೋದು, ಸೋಮವಾರ ಆ ಹೊಸಾ ತಾಮ್ರದ ನೀರು ಹಾಕೋದು, ಮಂಗಳವಾರ ಸಾಯೋದು, ಅಯ್ಯ ಶಿವನಽ, ಸಾಯಾಕತ್ತಾವಂತ ಇನ್ನಷ್ಟು ಹಾಕಿದೆನಲ್ಲೋ, ತುಂಬ ತಂಬಿಗಿ ಹಾಕಿದೆನಲ್ಲೋ, ಇರಿವಿ ತುಳೀಬಾರದಂತ ನೆಲಾ ನೋಡಿ ನಡಿಯೋ ಮನಿತನ ನಮ್ಮದು, ಅಂಗಿ ಇರಬೇಕು ನೋಡವಾ ಅಂದೆನಲ್ಲ ನಾನು.

ಅರ್ಧ ತೆರದ ಬಾಗಲಾಗಿಂದ ತೊಟ್ಟಿ ಕಾಣತಿತ್ತು, ವಾಣಿ ಬೆನ್ನು ಕಾಣತಿತ್ತು, ಅಮರೇಶ ಬಗ್ಗಿ ನೋಡಿ ಏನೋ ಕೇಳಿದ, ಇದೇನ್ರಿ ಗಾಜಿನ ಅಂಚಿಗೆ ಬೆಳ್ಳಗ ಹತ್ತೈತಿ, ಉಪ್ಪೇನು? ಉಪ್ಪಲ್ಲ. ಈರವ್ವ ದಿನಾ ನೀರು ಹಾಕೂವಾಗ ಎಡಗೈಲೆ ಹಿಡಕೊಳ್ಳೋ ಜಾಗಾ ಅದು, ವಿಭೂತಿ ಹಚ್ಚಿದ ಮೂರು ಬಟ್ಟು, ಗಾಜಿನ ಮ್ಯಾಲೆ ಮೂಡ್ಯಾವು. ವಾಣಿ ಅದನ್ನ ನೋಡಿದ್ಲು. ನೋಡಿ, ತಿರಗಿ ದೇವರ ಕೋಲಿ ಕಡೆ ನೋಡಿದ್ಲು, ತಂಬಿಗಿ ನೋಡಿದ್ಲು, ಈರವ್ವ ಗಪ್ಪನ ಕಣ್ಣು ಮುಚ್ಚಿದ್ಲು, ಮುಚ್ಚಿದ ಕಣ್ಣಾಗೂ ತಂಬಿಗಿನಽ ಕಂಡಿತು, ಈಗ ಬರತಾಳ, ಈಗ ಕೇಳತಾಳ, ಏನ್ರಿ ಅತ್ತಿ ನೀವಽ ಏನು ಅಂತಾಳ, ಅನ್ನಲಿ, ಅಂದ್ರ ಬೇಶಾತು. ಬರಲಿಲ್ಲ. ಕಣ್ಣ ತೆರದ್ರ ವಾಣಿ ಸೆರಗಿಲೆ ಗಾಜಿನ ಅಂಚು ಒರಸಾಕತ್ತಿದ್ಲು, ಉಪ್ಪ್ರಿ ಅದು ಅಂತ ಅನಕೋತ, ಒಂದು ಗುರ್ತು ಉಳೀದಂಗ ಒರಸಿ, ಅಮರೇಶ, ತಪ್ಪು ನಂದಽ ಐತ್ರಿ, ಹಿತ್ತಲದಾಗ ಜಳಕದ ನೀರಿಂದು ತಾಮ್ರದ ಹಂಡೆ ಐತಿ, ಫಿಲ್ಟರ್ ನೀರು ತೀರಿದಾಗ ಅದರಾಗಿಂದ ತುಂಬಿ ಹಾಕಿದ್ದೆ, ಅಂದ್ಲು. ಹಂಡ್ಯಾಗ ನೀರು ತುಂಬದಽ ಎಷ್ಟು ದಿನ ಆತು, ಗೀಸರ್ ಬಂದಾಗಿಂದ ಅದರಾಗ ಕಟಗಿ ಇಟ್ಟೇವಿ ನಾವು. ಅಮರೇಶಗೇನ್ ಗೊತ್ತು, ಅವನಿಗೆ ಸಿಟ್ಟಽ ಬಂತು, ಅಲ್ರಿ ಮೇಡಂ, ಸಾಲ್ಯಾಗ ನಾಕ ಮಂದಿ ಮಕ್ಕಳಿಗೆ ಕಲಿಸೋರು ನೀವು, ನನ್ನ ಕಡೆ ಒಯ್ಯೂವಾಗ ಹೇಳಿದ್ನೋ ಇಲ್ಲೋ, ಲೋಹ ಮುಟ್ಟಸಬ್ಯಾಡ್ರಿ ಅಂತ, ಕೈಯಾರೆ ಕೊಂದಂಗಾತಲ್ರಿ. ವಾಣಿ ಹೂನ್ರಿ ಅಂದ್ಲು. ಮತ್ತೊಮ್ಮೆ ಹೂನ್ರಿ ಅಂದ್ಲು.

ಯವ್ವಾ ವಾಣಿ, ಸಾಕ ಮಾಡು. ಈರವ್ವ ಪೂಜಾ ಅರ್ಧಕ್ಕ ಬಿಟ್ಟು ಎದ್ದಾಕಿ ಅಲ್ಲ, ಮದವಿ ಆಗಿ ಈ ಮನಿಗೆ ಬಂದಾಗಿಂದ ಅಲ್ಲ, ಗಂಡ ಸಿದ್ದಲಿಂಗಪ್ಪ ಹೋದ ದಿನಾ ಸುದ್ದಾ ಮುಗಿಸೇ ಎದ್ದಿದ್ಲು, ಇವತ್ತ ಲಿಂಗ ವಸ್ತ್ರದಾಗ ಸುತ್ತಿ ಕೊಳ್ಳಾಗ ಕಟಗೊಂಡ್ಲು, ಗಂಟು ಸರಿ ಕೂಡವಲ್ದು, ತಂಬಿಗಿ ಎತಗೊಂಡ್ಲು, ನೀರು ಕಾಲ ಮ್ಯಾಲೆ ತುಳುಕಿತು, ಪಡಸಾಲಿಗೆ ಬಂದು ನಿಂತ್ಲು, ತಮ್ಮಾ ಅಮರೇಶ, ಅಕಿಗೆ ಅನಬ್ಯಾಡಪಾ, ಹಂಡೆ ಅಲ್ಲ, ಇದು, ನಾ ಹಾಕೇನಿ, ದಿನಾ ಹಾಕೇನಿ. ಅತ್ತಿ, ಇರಲಿ ಬಿಡ್ರಿ, ಅಂದ್ಲು ವಾಣಿ. ಹೆಂಗ ಬಿಡ್ಲಿ ಶಿವನಽ, ಅಕಿ ನನ್ನ ಸಂಬಂಧ ಸುಳ್ಳ ಹೇಳ್ಯಾಳೋ, ಒಂದ ಮಾತು ಅನ್ನಲಿಲ್ಲ ನನಗ. ಅಮರೇಶ ನೆಲಾ ನೋಡಿದ, ಅವ್ವಾರ, ನಿಮಗೇನ್ ಗೊತ್ತಿತ್ರಿ ಪಾಪ, ಬಿಡ್ರಿ, ಅಂದು ಅಂಗಿ ತೋಳು ಏರಿಸಿದ, ಅರ್ಧ ನೀರು ತಗದು ಹೊಸಾದು ಹಾಕೂಣ್ರಿ ಈಗಽ, ಈ ಇದ್ದಲಿ ಚೀಲಾ ಒಳಗ ಇಳಿಬಿಡೂಣು, ಉಳದ ತಾಮ್ರ ಹೀರತೈತಿ, ತಡಕೊಂಡ್ರ ತಡಕೋತೈತಿ, ಖಾತ್ರಿ ಮಾತು ನಾ ಹೇಳಂಗಿಲ್ಲ. ವಾಣಿ ಬಂದು ತಂಬಿಗಿ ಕೈಯಾಗಿಂದ ತಗೊಂಡ್ಲು, ಒಗೀತಾಳೇನೋ ಅಂದ್ರ ಒಗೀಲಿಲ್ಲ, ಒಳಗ ಹೋಗಿ ದೇವರ ಮುಂದಽ ಇಟ್ಟು ಬಂದ್ಲು, ಇದರದೇನ್ ತಪ್ಪೈತ್ರಿ, ನಿಮ್ಮವ್ವನ ತಂಬಿಗಿ ಇದು. ಬಕೀಟಿನ ಮ್ಯಾಲೆ ಬಕೀಟು, ನೀರು ಹೋತು, ನೀರು ಬಂತು, ಗುಳುಗುಳು ಸಪ್ಪಳ ಮತ್ತ ಸುರು ಆತು, ಅಮರೇಶ ಚಾ ಕುಡದು ಹೋದ, ಇಬ್ರೂ ಕುಂತ್ರು, ಸಂಜೀ ಆಗಿರಲಿಲ್ಲ ಇನ್ನ, ಆದ್ರೂ ಕುಂತ್ರು, ತೊಟ್ಟಿ ಕೊಡತೀ ಏನವಾ ಅಂತ ಕೇಳಬೇಕಂತ ಈರವ್ವ ಅಕಿ ಕಡೆ ತಿರಗಿದ್ಲು, ಆಗ ವಾಣಿ ಮೆಲ್ಲಕ, ಅತ್ತಿ, ನೋಡ್ರಿ ನೋಡ್ರಿ, ಬಂತು. ಕಲ್ಲಿನ ಸಂದಿಯಿಂದ ಮೊದಲು ಮೀಸಿ, ಆಮ್ಯಾಲೆ ತಲಿ, ಆಮ್ಯಾಲೆ ಬೆನ್ನಿನ ಗೆರಿ, ಹೊಟ್ಟಿ ಕೆಳಗ ತತ್ತಿ ಹಂಗಽ ಅದಾವು, ವಜ್ಜಿ ಹೊತ್ತಾಕಿ ನಡದಂಗ ಸಾವಕಾಶ ಕಲ್ಲು ಹತ್ತಿತು, ದಿನಾ ಈರವ್ವ ಬಟ್ಟ ಇಡೋ ಮೂಲಿಗೆ ಬಂದು ನಿಂತು ಮೀಸಿ ಮ್ಯಾಲೆ ಚಾಚಿತು. ನಿಮ್ಮನ್ನಽ ಹುಡಕಾಕತ್ತೈತ್ರಿ, ಕೈ ಇಡ್ರಿ ಅತ್ತಿ. ಈರವ್ವ ಕೈ ಎತ್ತಿದ್ಲು, ಉಗುರಿನ ಸಂದ್ಯಾಗ ನಿನ್ನೆಯ ಹುಣಸಿಹಣ್ಣಿನ ಕರಿ ಇನ್ನೂ ಇತ್ತು, ತಂಬಿಗಿ ತಿಕ್ಕಿದ ತಾಮ್ರದ ಕರಿ, ಅದನ್ನಽ ಕೆದರತೈತಿ ಅದು, ಅದಽ ಅದರ ಕಾಯಕ, ಹಸನ ಮಾಡತೈತಿ, ತಿನ್ನತೈತಿ — ಕೈ ನೀರಿನ ಮ್ಯಾಲೆ ನಿಂತತು, ಇಳೀವಲ್ದು, ಇಡ್ರಿ ಅತ್ತಿ, ಇಳೀವಲ್ದು, ಕೆಳಗ ಬೆಳ್ಳನ ಮೀಸಿ ಎರಡು, ಆ ಕಡೆ ಈ ಕಡೆ, ಅಕಿ ಬಟ್ಟ ಹುಡಕಾಕತ್ತಾವು, ಇನ್ನೂ ಹುಡಕಾಕತ್ತಾವು.